ದ್ರಾಕ್ಷಿ ತೋಟಕ್ಕೆ ಬಿದ್ದ ಸುಣ್ಣದ ಗೆರೆ

ನಮ್ಮ ಯಜಮಾನರು ಓಡಿದ್ದನ್ನು ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಎರಡೇ ಸಲ ನೋಡಿದ್ದೇನೆ. ಒಂದು ಸಲ ಕಲಾಸಿಪಾಳ್ಯದಲ್ಲಿ ಬಸ್ಸಿನ ಹಿಂದೆ, ಇನ್ನೊಂದು ಸಲ ಕಡಲೆಕಾಯಿ ಪರಿಷೆಯಲ್ಲಿ ಗೂಳಿಯ ಮುಂದೆ. ಬಸ್ಸು ಇವರಿಗೆ ಸಿಗಲಿಲ್ಲ. ಗೂಳಿಗೆ ಇವರು ಸಿಕ್ಕಿದರು. ಇಂಥವರನ್ನು ಬಸವನಗುಡಿಯ ಬೆಳಗಿನ ಓಟಗಾರರ ಬಳಗದವರು 'ರೂಟ್ ಡೈರೆಕ್ಟರ್' ಮಾಡಿದರು ಎಂದರೆ ಆ ಬಳಗದ ಬುದ್ಧಿ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಇವರ ಹೆಸರು ಶ್ರೀನಿವಾಸಯ್ಯ. ಗಾಂಧಿಬಜಾರಿನ ಹತ್ತಿರ ಸ್ಟೀಲು ಪಾತ್ರೆ ಅಂಗಡಿ, ಎನ್.ಆರ್. ಕಾಲೋನಿಯಲ್ಲಿ ಮನೆ, ಮೈಯಲ್ಲಿ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಅಂದಿದ್ದಕ್ಕೆ ಕೃಷ್ಣರಾವ್ ಪಾರ್ಕಿಗೆ ಹೋಗಲು ಶುರು ಮಾಡಿದರು. ಅಲ್ಲಿ ಬಳಗದವರು ಓಡುತ್ತಿದ್ದರೆ ಇವರು ಕಲ್ಲುಬೆಂಚಿನ ಮೇಲೆ ಕುಳಿತು ಅವರ ಕಾರಿನ ಕೀಲಿ, ಮೊಬೈಲು, ಕನ್ನಡಕಗಳನ್ನು ಕಾಯುತ್ತಿದ್ದರು. ಓಟ ಮುಗಿದ ಮೇಲೆ ಎಲ್ಲರ ಜೊತೆ ಖಾಲಿದೋಸೆ ತಿಂದು, ಬಳಗದ ಹಳದಿ ಟೀಶರ್ಟಿನಲ್ಲಿ ಮನೆಗೆ ಬಂದು, "ಅಬ್ಬಾ, ಸುಸ್ತು ಕಣೇ" ಎಂದು ಸೋಫಾದ ಮೇಲೆ ಬೀಳುತ್ತಿದ್ದರು. ಪಕ್ಕದ ಮನೆಯ ಭಾಗ್ಯ ಇದನ್ನು ನಿಜವೆಂದು ನಂಬಿ ತನ್ನ ಗಂಡನಿಗೆ, "ಶ್ರೀನಿವಾಸಯ್ಯನವರನ್ನ ನೋಡಿ ಕಲೀರಿ" ಎಂದು ದಿನವೂ ಬುದ್ಧಿ ಹೇಳುತ್ತಿದ್ದಳು. ಆ ಪಾಪದ ಗಂಡಸಿಗೆ ನಾನು ಸತ್ಯ ಹೇಳಬೇಕಿತ್ತು. ಹೇಳಲಿಲ್ಲ.

ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ ವಿಷಯ, ಮಗಳ ಮದುವೆ. ನಮ್ಮ ಪ್ರತಿಭಾ ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದು ಮುರಿದು ಕೊನೆಗೆ ಒಂದು ದಿನ, "ಅಮ್ಮ, ಕುಶಾಲ್ ಅಂತ ಒಬ್ಬ ಇದಾನೆ" ಎಂದಳು. ಚಾಮರಾಜಪೇಟೆಯಲ್ಲಿ ಅವಳು ಕೆಲಸ ಮಾಡುವ ಬ್ಯಾಂಕಿನಲ್ಲೇ ಇವನೂ ಇದ್ದ. ಆ ಹೆಸರು ಹೇಳುವಾಗ ಅವಳ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಹುಡುಗನದು ದೊಡ್ಡಬಳ್ಳಾಪುರದಾಚೆ ಮಲ್ಲೇಕುಂಟೆ ಎಂಬ ಊರು. ತಂದೆ ದೊಡ್ಡಬೈರಪ್ಪನವರದು ದ್ರಾಕ್ಷಿ ತೋಟ. ಹುಡುಗ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದ: "ನಮ್ಮಪ್ಪ ಎಲೆ ಅಡಿಕೆ ಕೊಟ್ರೆ ಮದುವೆ. ಅವರ ಮನಸ್ಸು ನೋಯಿಸಿ ನಾನು ಮಾಡ್ಕೊಳಲ್ಲ." ಆ ದೊಡ್ಡಬೈರಪ್ಪನವರು ಮುಂದಿನ ಭಾನುವಾರ ಹೆಣ್ಣು ನೋಡಲು ಬರುವವರಿದ್ದರು.

"ರೀ, ಅವರು ಬಂದು ಹೋಗೋವರೆಗೂ ಎಲ್ಲೂ ಜಂಬ ಕೊಚ್ಚಬೇಡಿ" ಎಂದು ನಾನು ಕೈ ಮುಗಿದು ಕೇಳಿಕೊಂಡಿದ್ದೆ.

"ನಾನ್ಯಾವಾಗ ಕೊಚ್ಚಿದೀನಿ?" ಎಂದು ಕೇಳಿ ಪಾರ್ಕಿಗೆ ಹೋದರು. ಹೋಗಿ ಕೊಚ್ಚಿದರು.

ಆದದ್ದಿಷ್ಟು. ಬಳಗದ ಹಿರಿಯರು ವಕೀಲ ವಸಿಷ್ಠ ಅವರು. ಫ್ರಾನ್ಸಿನಲ್ಲಿರುವ ಭಾವಮೈದುನನ ಮನೆಗೆ ಹೋಗಿ ಆಗಷ್ಟೇ ವಾಪಸಾಗಿದ್ದರು. ಅಲ್ಲಿ ದ್ರಾಕ್ಷಿ ತೋಟಗಳ ನಡುವೆ, ನದಿ ಕಣಿವೆಯ ಪಕ್ಕದಲ್ಲಿ, ಹಕ್ಕಿಗಳ ಕೂಗು ಕೇಳುತ್ತ ಓಡಿದ್ದನ್ನು ಅರ್ಧ ಗಂಟೆ ವರ್ಣಿಸಿ, "ನಮ್ಮ ಹಣೇಲಿ ಅದೆಲ್ಲಿ ಬರೆದಿದೆ? ಈ ಪಾರ್ಕಲ್ಲೇ ಗಾಣದೆತ್ತಿನ ಥರ ಸುತ್ತಬೇಕು" ಎಂದು ನಿಟ್ಟುಸಿರು ಬಿಟ್ಟರಂತೆ. ಬೆಂಚಿನ ಮೇಲೆ ಕೀಲಿ ಕಾಯುತ್ತಿದ್ದ ನಮ್ಮವರು ಎದ್ದು ನಿಂತರು.

"ಯಾಕ್ ಸಾರ್ ಇಲ್ಲ? ದ್ರಾಕ್ಷಿ ತೋಟ ಬೇಕಾ, ಮಲ್ಲೇಕುಂಟೇಲಿ ಕಣ್ಣು ಹಾಯಿಸಿದಷ್ಟೂ ಇದೆ. ನದಿ ಕಣಿವೆ ಬೇಕಾ, ಅರ್ಕಾವತಿ ಇದೆ."

"ಅರ್ಕಾವತೀಲಿ ನೀರೆಲ್ಲಿದೆ ಶ್ರೀನಿವಾಸಯ್ಯ?"

"ನೀವು ಓಡೋಕ್ ಬರ್ತೀರೋ, ಈಜೋಕ್ ಬರ್ತೀರೋ?"

ವಕೀಲರು ಜೋರಾಗಿ ನಕ್ಕುಬಿಟ್ಟರು. ಅಲ್ಲೇ ನಿಂತ ಕಾಲಲ್ಲಿ ಇವರನ್ನು ರೂಟ್ ಡೈರೆಕ್ಟರ್ ಎಂದು ಸಾರಿದರು. ಬೀಗರು ಬಂದುಹೋಗುವ ಭಾನುವಾರದ ಮುಂದಿನ ಭಾನುವಾರಕ್ಕೆ ಓಟದ ದಿನ ಗೊತ್ತಾಯಿತು. ಮಲ್ಲೇಕುಂಟೆಯ ಕಡೆ ಇವರು ಅದುವರೆಗೆ ಕಾಲಿಟ್ಟವರೇ ಅಲ್ಲ. ಕುಶಾಲ್ ಮೊಬೈಲಿನಲ್ಲಿ ಕಳಿಸಿದ್ದ ತೋಟದ ಫೋಟೋ ನೋಡಿದ್ದಷ್ಟೇ.

"ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆಗುತ್ತೆ ಕಣೇ" ಎಂದು ನನಗೆ ಸಮಾಧಾನ ಹೇಳಿದರು. "ಹೆಣ್ಣು ಕೊಡೋರು ಹುಡುಗನ ಮನೆ ಕಡೆ ಗುಟ್ಟಾಗಿ ವಿಚಾರಿಸಬೇಕೋ ಬೇಡ್ವೋ? ದಾರಿ ಗುರುತು ಹಾಕೋ ನೆಪದಲ್ಲಿ ತೋಟ ನೋಡ್ಕೊಂಡು ಬರ್ತೀನಿ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗದ ಹಾಗೆ ಇವರು ಹೊರಟ ವೇಷವನ್ನು ಹೇಳುತ್ತೇನೆ ಕೇಳಿ. ಮೈಮೇಲೆ ಹೊಳೆಯುವ ಪಟ್ಟಿಯ ಕಿತ್ತಳೆ ಬಣ್ಣದ ಜಾಕೆಟ್ಟು, ಓಟದ ಸಂಘಟಕರು ಹಾಕಿಕೊಳ್ಳುವಂಥದ್ದು. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಒಂದು ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಚಕ್ರ. ಅದನ್ನು ತಳ್ಳಿಕೊಂಡು ಹೋದರೆ ಎಷ್ಟು ದೂರ ಅಂತ ತಾನೇ ಅಳೆಯುತ್ತದೆ. ಅದನ್ನು ವಸಿಷ್ಠ ಅವರೇ ಎಲ್ಲಿಂದಲೋ ಎರವಲು ತಂದುಕೊಟ್ಟಿದ್ದರು. ಇನ್ನೊಂದು ಕೈಯಲ್ಲಿ ಸುಣ್ಣದ ಪುಡಿಯ ಚೀಲ. ಹೆಗಲಲ್ಲಿ ಕೆಂಪು ಬಣ್ಣದ ಡಬ್ಬ, ಬ್ರಷ್ಷು, ಕೆಂಪು ರಿಬ್ಬನ್ನು. ಬೆಂಗಳೂರಿನ ಸುತ್ತಮುತ್ತ ನಾಲ್ಕು ಗುಂಟೆ ಜಮೀನಿರುವ ಯಾರನ್ನು ಬೇಕಾದರೂ ಕೇಳಿ, ಈ ವೇಷದವನು ತೋಟಕ್ಕೆ ಬಂದರೆ ಏನರ್ಥ ಎಂದು. ಅವರು ಉತ್ತರ ಹೇಳುವುದಿಲ್ಲ, ನೇರ ದೇವಸ್ಥಾನಕ್ಕೆ ಹೋಗಿ ಹರಕೆ ಕಟ್ಟಿಕೊಳ್ಳುತ್ತಾರೆ.

ಆ ಗುರುವಾರ ನಮ್ಮವರು ಅರ್ಕಾವತಿಯ ಒಣ ಹಳ್ಳದಿಂದ ಗೆರೆ ಎಳೆಯುತ್ತ ಹೊರಟರು. ಜಾಲಿಗಿಡ ದಾಟಿ, ನೀಲಗಿರಿ ತೋಪು ದಾಟಿ, ಫೋಟೋದಲ್ಲಿ ನೋಡಿದ್ದ ಗೇಟು ಕಂಡ ಕೂಡಲೇ ಗೆರೆಯನ್ನು ಒಳಗೆ ತಿರುಗಿಸಿದರು. ಓಡುವವರಿಗೆ ನೆರಳಿರಲಿ ಎಂದು ದ್ರಾಕ್ಷಿ ಚಪ್ಪರದ ನಟ್ಟನಡುವೆ ಹಾಯಿಸಿದರು. ಗೇಟಿನ ಕಲ್ಲುಕಂಬಕ್ಕೆ ಕೆಂಪು ಬಣ್ಣದಲ್ಲಿ ದೊಡ್ಡ ಗುರುತು ಹಾಕಿದರು. ತೋಟದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎರಡು ಗೊಂಚಲು ಕಿತ್ತು ತಿಂದೂ ನೋಡಿದರು. "ಹುಳಿ ಸ್ವಲ್ಪ ಜಾಸ್ತಿ. ಆದ್ರೆ ಸಂಬಂಧ ಪರವಾಗಿಲ್ಲ" ಎಂಬುದು ಆಮೇಲೆ ಮನೆಯಲ್ಲಿ ಕೊಟ್ಟ ವರದಿ. ಅಪ್ಪಣೆ ಕೇಳಿದಿರಾ ಅಂದರೆ, "ನಾಳೆ ನೆಂಟರಾದ್ಮೇಲೆ ಕೇಳಿದ್ರಾಯ್ತು" ಎಂದರು.

ತೋಟದಿಂದ ಹೊರಬರುವಾಗ ಬೈಕಿನಲ್ಲಿ ಹೋಗುತ್ತಿದ್ದ ಊರಿನ ಗ್ರಾಮ ಲೆಕ್ಕಿಗ ಇವರನ್ನು ನೋಡಿ ಗಕ್ಕನೆ ನಿಂತ.

"ನಮಸ್ಕಾರ ಸಾರ್. ಯಾವ ಡಿಪಾರ್ಟ್‌ಮೆಂಟು?"

"ಡಿಪಾರ್ಟ್‌ಮೆಂಟು ಗಿಪಾರ್ಟ್‌ಮೆಂಟು ಏನಿಲ್ಲಪ್ಪ. ಇಲ್ಲಿ ಜನ ಓಡ್ತಾರೆ. ಅದಕ್ಕೆ ದಾರಿ ಗುರುತು ಹಾಕ್ತಿದೀನಿ."

"ಯಾರ್ ಸಾರ್ ಓಡೋದು?"

"ವಕೀಲ್ರು, ಡಾಕ್ಟರ್ರು, ಆಡಿಟರ್ರು."

"ಯಾಕ್ ಓಡ್ತಾರೆ?"

"ಸುಮ್ನೆ."

ನಮ್ಮವರು ಆ ಪ್ರಕರಣದಲ್ಲಿ ಸಂಪೂರ್ಣ ಸತ್ಯ ನುಡಿದದ್ದು ಇದೇ ಮೊದಲು. ಆದರೆ ಗ್ರಾಮ ಲೆಕ್ಕಿಗನಿಗೆ ತನ್ನ ಸರ್ವೀಸಿನಲ್ಲಿ ಇಷ್ಟು ಲಟಾರಿ ಸುಳ್ಳು ಯಾರೂ ಹೇಳಿರಲಿಲ್ಲ. ವಕೀಲರು, ಡಾಕ್ಟರುಗಳು ದುಡ್ಡಿಲ್ಲದೆ ಒಂದು ಹೆಜ್ಜೆ ಎತ್ತಿಡುವವರಲ್ಲ. ಅವರು ಸುಮ್ಮನೆ ಓಡುತ್ತಾರಂತೆ! ಇಷ್ಟು ಕೆಟ್ಟ ಸುಳ್ಳು ಹೇಳುತ್ತಿದ್ದಾನೆ ಎಂದರೆ ಒಳಗಿನ ವಿಷಯ ಬಹಳ ದೊಡ್ಡದೇ ಇರಬೇಕು.

"ಅರ್ಥ ಆಯ್ತು ಬಿಡಿ ಸಾರ್" ಎಂದು ಅವನು ದನಿ ತಗ್ಗಿಸಿದ. "ಹೊರಗೆ ಹೇಳಬಾರ್ದು ಅಂತ ಮೇಲಿಂದ ಆರ್ಡರ್ ಇರುತ್ತೆ. ಎಳನೀರು ಕುಡೀತೀರಾ?"

ಬಿಟ್ಟಿ ಸಿಕ್ಕಿದ್ದನ್ನು ಬೇಡ ಎಂದು ನಮ್ಮವರಿಗೆ ಅಭ್ಯಾಸವಿಲ್ಲ. ಎರಡು ಕುಡಿದರು. ಸಂಜೆಯೊಳಗೆ ಮಲ್ಲೇಕುಂಟೆಯ ತೋಟಗಳನ್ನು ಸರ್ಕಾರ ಹಿಡಿದು ನೂರಡಿ ರಸ್ತೆ ಮಾಡುತ್ತದೆ ಎಂದು ಸುದ್ದಿಯಾಯಿತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಅದು ಇನ್ನೂರಡಿಯಾಗಿ, ಮಧ್ಯದಲ್ಲಿ ರೈಲೂ ಓಡತೊಡಗಿತ್ತು.

ಭಾನುವಾರ ದೊಡ್ಡಬೈರಪ್ಪನವರು ಮಗನ ಜೊತೆ ನಮ್ಮ ಮನೆಗೆ ಬಂದರು. ಬಿಳಿ ಪಂಚೆ, ಬಿಳಿ ಮೀಸೆ, ಗಂಭೀರವಾದ ಮುಖ. ಪ್ರತಿಭಾ ಕೇಸರಿಬಾತು ತಂದಿಟ್ಟು ನಮಸ್ಕಾರ ಮಾಡಿದಳು. ಅವರು "ಚೆನ್ನಾಗಿರವ್ವ" ಎಂದರೇ ಹೊರತು ಕಣ್ಣೆತ್ತಿ ನೋಡಲಿಲ್ಲ. ನಾನು ಇನ್ನೊಂದು ಚಮಚ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದರು.

"ತಪ್ಪು ತಿಳ್ಕಬ್ಯಾಡಿ ಕಣಮ್ಮ. ಹುಡುಗಿ ಲಕ್ಷ್ಮಿ ಇದ್ದಂಗವ್ಳೆ. ಆದ್ರೆ ನನ್ನ ಮನ್ಸೆಲ್ಲ ತೋಟದಾಗೈತೆ. ಮೊನ್ನೆ ಯಾವನೋ ಕಿತ್ತಳೆ ಅಂಗಿಯೋನು ಟೋಪಿ ಇಕ್ಕಂಡು, ಚಕ್ರ ತಳ್ಕಂಡು ಬಂದವ್ನೆ. ನನ್ನ ತೋಟದ ನಡುಮಧ್ಯೆ ಗೆರೆ ಎಳ್ದವ್ನೆ. ಗೇಟಿನ ಕಂಬಕ್ಕೆ ಕೆಂಪು ಬಣ್ಣ ಬಳ್ದವ್ನೆ. ಸಾಲ್ದು ಅಂತ ಹಣ್ಣೂ ಕಿತ್ಕಂಡ್ ತಿಂದವ್ನೆ, ಬೇವರ್ಸಿ!"

ನಮ್ಮವರ ಕೇಸರಿಬಾತು ಅಡ್ಡದಾರಿ ಹಿಡಿದು ಕೆಮ್ಮು ಬಂತು. ನಾನು ಅವರ ಬೆರಳು ನೋಡಿದೆ. ಸುಣ್ಣಕ್ಕೆ ತುದಿಯೆಲ್ಲ ಬಿರುಕು ಬಿಟ್ಟಿತ್ತು. ಅದು ದೊಡ್ಡಬೈರಪ್ಪನವರ ಕಣ್ಣಿಗೆ ಬೀಳದಿರಲಿ ಎಂದು ದೇವರನ್ನು ಬೇಡಿಕೊಂಡೆ.

"ಆ ತೋಟ ನಮ್ಮಪ್ಪ ಬಾವಿ ತೋಡಿ ಮಾಡಿದ್ದು. ಅದೇ ಹೋಯ್ತದೆ ಅಂದ್ರೆ ನಾನು ಯಾವ ಮಖ ಇಟ್ಕಂಡು ಮದ್ವೆ ಮಾಡ್ಲಿ? ಮೊದ್ಲು ಆ ಗೆರೆ ಒಂದು ಇತ್ಯರ್ಥ ಆಗ್ಲಿ. ಆಮ್ಯಾಲೆ ಎಲೆ ಅಡಿಕೆ ಮಾತು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪ್ರತಿಭಾಳ ಮುಖ ಬಾಡಿತು. ನಾನು ಸೋಫಾದ ಹಿಂದಿನಿಂದ ಇವರ ಬೆನ್ನು ಚಿವುಟಿದೆ. ಹೇಳಿಬಿಡಿ, ನಾನೇ ಅಂತ ಹೇಳಿಬಿಡಿ, ನಕ್ಕು ಮುಗಿದುಹೋಗುತ್ತದೆ. ನಮ್ಮವರು ಬಾಯಿ ತೆರೆದರು. ಸತ್ಯ ಗಂಟಲವರೆಗೂ ಬಂದದ್ದು ನನಗೆ ಕಾಣಿಸಿತು. ಅಷ್ಟರಲ್ಲಿ ಜಂಬ ಹಿಂದಿನಿಂದ ಬಂದು ಅದನ್ನು ತಳ್ಳಿ ತಾನೇ ಹೊರಬಿತ್ತು.

"ಅಷ್ಟೇನಾ? ಇದಕ್ಕೆ ಇಷ್ಟು ಚಿಂತೆ ಮಾಡ್ತಾರಾ ಯಜಮಾನ್ರೇ? ನಮ್ಮಂಗಡಿ ಇಡ್ಲಿ ಪಾತ್ರೆ ಇಲ್ದಿರೋ ಮಂತ್ರಿ ಮನೆ ಒಂದು ತೋರಿಸಿ. ಒಂದು ಫೋನ್ ಮಾಡ್ತೀನಿ. ಬುಧವಾರದೊಳಗೆ ಗೆರೆ ಅಲ್ಲಿಂದ ಎದ್ದು ಹೋಗುತ್ತೆ."

ದೊಡ್ಡಬೈರಪ್ಪನವರು ಎದ್ದು ಇವರ ಎರಡೂ ಕೈ ಹಿಡಿದುಕೊಂಡರು. ಆ ಬೆರಳುಗಳು ಯಾಕೆ ಬಿರುಕು ಬಿಟ್ಟಿವೆ ಎಂದು ಅವರು ಕೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಹತ್ತಿರ ಇನ್ನೊಂದು ಸಂಕಟ ಹೇಳಿಕೊಂಡರು. ಹೆಂಡತಿ ತೀರಿಕೊಂಡ ಮೇಲೆ ಕುಶಾಲನನ್ನು ಎತ್ತಿ ಸಾಕಿದವಳು ಅವರ ಅಕ್ಕ ಸಿದ್ದಮ್ಮ. ಪಕ್ಕದ ತೋಟ ಅವಳದೇ. ನಡುವಿನ ಬದುವಿನ ಮೇಲಿರುವ ಹುಣಸೆಮರ ಯಾರದು ಎಂದು ಜಗಳವಾಗಿ, ಕುಶಾಲ್ ಕಾಲೇಜು ಸೇರಿದಾಗಿನಿಂದ ಇಬ್ಬರಿಗೂ ಮಾತಿಲ್ಲ. "ಮಾತಾಡಿದೋರು ಸೋತಂಗೆ ಅಂತ ಕುಂತವ್ಳೆ ಕಣಮ್ಮ. ನಾನೂ ಹಂಗೇ ಕುಂತಿವ್ನಿ. ಸೋದರತ್ತೆ ಇಲ್ದೆ ಮದ್ವೆ ಹೆಂಗ್ ಮಾಡಾದು?" ಎಂದು ಕಣ್ಣೊರೆಸಿಕೊಂಡು ಹೋದರು.

ಬಾಗಿಲು ಹಾಕಿದ್ದೇ ನಾನು ತಿರುಗಿದೆ. "ಅದು ನಾನೇ ಅಂತ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಗ್ ಹೇಳ್ಲಿ? ಹಣ್ಣು ಬೇರೆ ತಿಂದಿದೀನಿ!"

ಬುಧವಾರ ಬೆಳಗ್ಗೆ ಮತ್ತೆ ಅದೇ ಜಾಕೆಟ್ಟು ಹಾಕಿಕೊಂಡು, ಜೊತೆಗೆ ನಮ್ಮ ಮನೆಯ ಪೊರಕೆ ಹಿಡಿದುಕೊಂಡು ಹೋದರು. ಯಾರೂ ಇಲ್ಲದ ಹೊತ್ತು ನೋಡಿ ತೋಟದ ಗೆರೆ ಗುಡಿಸಿದರು. ಕಂಬದ ಕೆಂಪು ಗುರುತನ್ನು ಸೀಮೆಎಣ್ಣೆಯಲ್ಲಿ ಉಜ್ಜಿದರು. ಆದರೆ ಓಟಕ್ಕೆ ದಾರಿ ಬೇಕಲ್ಲ? ಗೆರೆಯನ್ನು ಬದುವಿನ ಆಚೆ, ಪಕ್ಕದ ತೋಟದೊಳಗೆ ಸರಿಸಿದರು. ಪಕ್ಕದ ತೋಟ ಯಾರದು ಎಂದು ಭಾನುವಾರವಷ್ಟೇ ಕೇಳಿಸಿಕೊಂಡಿದ್ದರು. ಆದರೆ ಕಿವಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ.

ಸಂಜೆ ದೊಡ್ಡಬೈರಪ್ಪನವರ ಫೋನು. "ಯಜಮಾನ್ರೇ, ನೀವು ಮನುಷ್ಯರಲ್ಲ, ದ್ಯಾವ್ರು! ಹೇಳಿದ್ ದಿನಕ್ಕೆ ಸರ್ಕಾರನೇ ಅಲ್ಲಾಡಿಸ್ಬುಟ್ರಲ್ಲ! ಮದ್ವೆಗೆ ನನ್ನ ಒಪ್ಗೆ ಐತೆ. ಒಳ್ಳೆ ದಿನ ನೋಡಿ ಎಲೆ ಅಡಿಕೆ ತಗಂಡ್ ಬತ್ತೀನಿ." ಪ್ರತಿಭಾ ನನ್ನನ್ನು ತಬ್ಬಿಕೊಂಡಳು. ಆದರೆ ಅತ್ತಲಿನ ದನಿ ಕುಗ್ಗಿತು. "ಒಂದೇ ಒಂದು. ಗೆರೆ ಈಗ ನಮ್ಮಕ್ಕನ ತೋಟಕ್ಕೆ ಬಿದ್ದೈತೆ. ನಾನೇ ಬೇಕಂತ ಮಾಡ್ಸಿವ್ನಿ ಅಂತ ಊರ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕ್ತಾವ್ಳೆ."

ದೊಡ್ಡಬೈರಪ್ಪನವರು ಈ ಮಹಿಮೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಮಲ್ಲೇಕುಂಟೆಯ ಅರ್ಧ ಊರು ನಮ್ಮ ಬೀದಿಯಲ್ಲಿತ್ತು. ಪ್ರತಿಯೊಬ್ಬನ ಹೆಗಲ ಮೇಲೂ ದ್ರಾಕ್ಷಿ ಪೆಟ್ಟಿಗೆ. ಗೆರೆ ನಮ್ಮ ಕಡೆ ಬರದ ಹಾಗೆ ನೋಡಿಕೊಳ್ಳಿ ಎಂದು ಕೆಲವರು. ನಮ್ಮದು ಬರಡು ಭೂಮಿ, ಪರಿಹಾರದ ದುಡ್ಡಾದರೂ ಸಿಗಲಿ, ದಯವಿಟ್ಟು ನಮ್ಮ ಕಡೆಯೇ ತಿರುಗಿಸಿ ಎಂದು ಇನ್ನು ಕೆಲವರು. ಒಬ್ಬ ಮುದುಕ ಮಾತ್ರ, "ನಮ್ ಅಳಿಯನ ಜಮೀನಿನ ಮ್ಯಾಲೇ ಹೋಗೋ ಹಂಗೆ ಮಾಡಿ ಬುದ್ಧಿ" ಎಂದು ಗುಟ್ಟಾಗಿ ಕೇಳಿಕೊಂಡ. ಮನೆ ತುಂಬ ದ್ರಾಕ್ಷಿ: ಮಂಚದ ಕೆಳಗೆ, ದೇವರಮನೆಯಲ್ಲಿ, ಬಚ್ಚಲ ಒಲೆಯ ಮೇಲೆ. ಭಾಗ್ಯ ಕಾಂಪೌಂಡಿನ ಮೇಲಿಂದ ಇಣುಕಿ, "ವಾಣಿ ಅಕ್ಕಾ, ಪಾತ್ರೆ ಬಿಟ್ಟು ಹಣ್ಣಿನ ಹೋಲ್‌ಸೇಲ್ ಶುರು ಮಾಡಿದ್ರಾ?" ಎಂದು ಕೇಳಿದಳು. ಅವಳಿಗೂ ಒಂದು ಪೆಟ್ಟಿಗೆ ಕೊಟ್ಟೆ, ಬಾಯಿ ಮುಚ್ಚಿಸಲು.

ನಮ್ಮವರು ಇದೆಲ್ಲಕ್ಕೂ ಬೆದರಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇಲ್ಲ! ಮೊದಲ ದಿನ ಬೆವತರು. ಎರಡನೆಯ ದಿನ ಕಾಲ ಮೇಲೆ ಕಾಲು ಹಾಕಿ, "ನೋಡೋಣ. ಪರಿಶೀಲಿಸೋಣ. ಹೋಗ್ಬನ್ನಿ" ಎನ್ನತೊಡಗಿದರು. ಪಾತ್ರೆ ಅಂಗಡಿಯವರ ಬಾಯಲ್ಲಿ 'ಪರಿಶೀಲಿಸೋಣ' ಎಂಬ ಮಾತು ಬಂದದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಓಟ ನಿಲ್ಲಿಸ್ತೀರೋ ಇಲ್ವೋ? ಊರೋರೆಲ್ಲ ಕಾದು ಕೂತಿದಾರೆ. ಮಗಳ ಮದುವೆ ಮುರಿದು ಬೀಳುತ್ತೆ!"

"ಹೇಗೇ ನಿಲ್ಲಿಸೋದು? ಟೀಶರ್ಟ್ ಪ್ರಿಂಟ್ ಆಗಿದೆ!"

ಭಾನುವಾರ ನಸುಕಿನಲ್ಲೇ ಎರಡು ಟೆಂಪೊ ಟ್ರಾವೆಲರ್ ತುಂಬ ಹಳದಿ ಟೀಶರ್ಟಿನವರು ಹೊರಟರು. ತಿಂಡಿಯ ಮೇಲ್ವಿಚಾರಣೆ ಎಂಬ ನೆಪ ಮಾಡಿಕೊಂಡು ನಾನೂ ಪ್ರತಿಭಾಳೂ ಪುಳಿಯೋಗರೆ ಡಬ್ಬಗಳ ಜೊತೆ ಹತ್ತಿದೆವು. ಓಟ ಹಳ್ಳದಿಂದ ಶುರುವಾಗಿ ಊರ ಅರಳಿಕಟ್ಟೆಯ ಹತ್ತಿರ ಮುಗಿಯಬೇಕು. ಗೆರೆ ಅಳಿಸಿಲ್ಲವೇ ನೋಡಿಬರುತ್ತೇನೆ ಎಂದು ನಮ್ಮವರು ಕಿತ್ತಳೆ ಜಾಕೆಟ್ಟಿನಲ್ಲಿ ಸುಣ್ಣದ ಚೀಲ ಹಿಡಿದು ಮುಂದೆ ಹೋದರು. ನಾವು ಅರಳಿಕಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು ಕಾದೆವು. ಒಬ್ಬರೂ ಬರಲಿಲ್ಲ. ಬಿಸಿಲು ಏರಿತು, ಆಗಲೂ ಇಲ್ಲ. ತೋಟಗಳ ಕಡೆಯಿಂದ ಜೋರಾಗಿ ಹೆಂಗಸಿನ ದನಿ ಕೇಳಿಸಿತು. ಅದರ ನಡುವೆ ಸಣ್ಣದಾಗಿ ನನಗೆ ಪರಿಚಯದ ದನಿಯೊಂದು "ಅಮ್ಮಾ, ತಾಯಿ" ಎನ್ನುತ್ತಿತ್ತು. ನಾನು ಸೌಟು ಹಿಡಿದುಕೊಂಡೇ ಓಡಿದೆ.

ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ನಮ್ಮ ಯಜಮಾನರನ್ನು ಕಟ್ಟಿಹಾಕಲಾಗಿತ್ತು. ಹಗ್ಗವಲ್ಲ, ಗಿಡಗಳಿಗೆ ನೀರು ಬಿಡುವ ಕರಿ ಡ್ರಿಪ್ ಪೈಪು, ಎದೆಯಿಂದ ಮಂಡಿಯವರೆಗೆ ಸುತ್ತು ಸುತ್ತಾಗಿ. ಎದುರಿಗೆ ಸೊಂಟಕ್ಕೆ ಸೆರಗು ಬಿಗಿದು, ಕೈಯಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಎತ್ತರದ ಹೆಂಗಸು ಸಿದ್ದಮ್ಮನೇ ಎಂದು ಯಾರೂ ಹೇಳಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಈ ಗೆರೆ ನೀನೇನಾ ಹಾಕಿದ್ದು?" ನಮ್ಮವರು ಡೈರೆಕ್ಟರ್ ಗತ್ತಿನಲ್ಲಿ, "ಹೌದಮ್ಮ, ಪೂರ್ತಿ ನಾನೇ" ಎಂದಿದ್ದರು.

ಅಷ್ಟರಲ್ಲಿ ಗೆರೆಯ ಜಾಡು ಹಿಡಿದು ವಕೀಲ ವಸಿಷ್ಠ ಅವರು ಏದುಸಿರು ಬಿಡುತ್ತ ಓಡಿಬಂದರು. ಕಂಬ ನೋಡಿದರು, ಕಟ್ಟಿದ್ದು ನೋಡಿದರು, ಕೈಗಡಿಯಾರದ ಗುಂಡಿ ಒತ್ತಿದರು.

"ಫಿನಿಶ್ ಇದೇನಾ ಶ್ರೀನಿವಾಸಯ್ಯ?"

"ಅಲ್ಲ ಸಾರ್! ನನ್ನ ಬಿಡಿಸಿ ಸಾರ್!"

ಹಿಂದೆಯೇ ಒಬ್ಬೊಬ್ಬರಾಗಿ ಹಳದಿ ಟೀಶರ್ಟಿನವರು ಬಂದು ತೋಟ ತುಂಬಿತು. ಸಿದ್ದಮ್ಮ ಒಂದು ಹೆಜ್ಜೆ ಹಿಂದೆ ಸರಿದು, "ಯಾರಿವ್ರೆಲ್ಲ? ಪೊಲೀಸ್ನೋರಾ?" ಎಂದಳು.

"ಅಲ್ಲಮ್ಮ, ಆಡಿಟರ್ರು" ಎಂದು ಯಾರೋ ನಮ್ರವಾಗಿ ಹೇಳಿದರು. ಅವಳು ಕುಡುಗೋಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಗದ್ದಲ ಕೇಳಿ ಊರವರು ಬಂದರು. ಆಚೆ ತೋಟದಿಂದ ದೊಡ್ಡಬೈರಪ್ಪ, ಕುಶಾಲ್ ಇಬ್ಬರೂ ಬಂದರು. ದೊಡ್ಡಬೈರಪ್ಪ ಬದುವಿನ ಹತ್ತಿರ ಬಂದು ತಡೆದು ನಿಂತರು. ಆಮೇಲೆ ಕಂಬದಲ್ಲಿರುವ ಮುಖ ಗುರುತು ಸಿಕ್ಕಿ, "ಅಯ್ಯಯ್ಯೋ! ಅವ್ರು ಕುಶಾಲಂಗೆ ಮಾವ ಆಗೋರು! ಬಿಡ್ರಪ್ಪ ಯಾರಾರ!" ಎಂದು ಬದು ಹಾರಿದರು. ಅಕ್ಕನ ಕಡೆ ಮಾತ್ರ ನೋಡಲಿಲ್ಲ.

"ಕೇಳುದ್ರಾ ಎಲ್ರೂ!" ಸಿದ್ದಮ್ಮ ಊರವರ ಕಡೆ ತಿರುಗಿ ಕೂಗಿದಳು. "ನೆಂಟನ್ನ ಇಟ್ಕಂಡು ತನ್ನ ತೋಟದ ಗೆರೆ ನನ್ನ ತೋಟಕ್ಕೆ ಹಾಕ್ಸವ್ನೆ!"

"ಯಾರೂ ಹಾಕ್ಸಿಲ್ಲ!" ಕಂಬದಿಂದ ದನಿ ಬಂತು. ನಮ್ಮವರು ಅಳುವ ಹಾಗಿದ್ದರು. "ರಸ್ತೇನೂ ಇಲ್ಲ, ರೈಲೂ ಇಲ್ಲ, ನನಗೆ ಯಾವ ಮಂತ್ರೀನೂ ಗೊತ್ತಿಲ್ಲ. ಇವರು ಓಡೋದಕ್ಕೆ ದಾರಿ ಗುರುತು ಹಾಕಿದ್ದು. ಅಲ್ಲಿ ಹಾಕಿದ್ದೂ ನಾನೇ, ಅಲ್ಲಿಂದ ಗುಡಿಸಿದ್ದೂ ನಾನೇ, ಇಲ್ಲಿ ಹಾಕಿದ್ದೂ ನಾನೇ. ನಂದು ಪಾತ್ರೆ ಅಂಗಡಿ!"

ದೊಡ್ಡಬೈರಪ್ಪನವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಹಣ್ಣು ತಿಂದಿದ್ದು?"

"ನಾನೇ."

"ಮಂತ್ರಿಗೆ ಫೋನ್ ಮಾಡ್ತೀನಿ ಅಂದ್ರಿ. ನಿಮ್ಮ ಎರಡೂ ಕೈ ಹಿಡ್ಕಂಡೆ. ನಾನು ನಿಮ್ಮನ್ನ ದ್ಯಾವ್ರು ಅಂದೆ. ಊರಿಗೆಲ್ಲ ಹೇಳ್ದೆ" ಎಂದರು. ಕೂಗಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ಇಂಥ ಸುಳ್ಳುಗಾರರ ಮನೆ ಸಂಬಂಧ ನಮಗ್ ಬ್ಯಾಡ. ನಡಿಯೋ ಕುಶಾಲ."

ನನ್ನ ಹಿಂದೆಯೇ ಓಡಿಬಂದಿದ್ದ ಪ್ರತಿಭಾ ಪುಳಿಯೋಗರೆ ಡಬ್ಬದ ಮುಚ್ಚಳ ಹಿಡಿದುಕೊಂಡು ನಿಂತಿದ್ದಳು. ಕುಶಾಲ್ ಅಪ್ಪನನ್ನೂ ನೋಡಿದ, ಅವಳನ್ನೂ ನೋಡಿದ, ಹೆಜ್ಜೆ ಎತ್ತಲಾರದೆ ನಿಂತ. ನನಗೆ ನನ್ನ ಗಂಡನನ್ನು ಅದೇ ಸೌಟಿನಲ್ಲಿ ಬಾರಿಸಬೇಕೆನಿಸಿತು.

ಆಗ ವಸಿಷ್ಠ ಅವರೊಳಗಿನ ವಕೀಲ ಎಚ್ಚರಗೊಂಡ. "ಅದೆಲ್ಲ ನಿಮ್ಮ ಮನೆ ವಿಷಯ. ಆದರೆ ವಕೀಲನಾಗಿ ಕೇಳ್ತಿದೀನಿ, ಒಬ್ಬ ಮನುಷ್ಯನನ್ನ ಹೀಗೆ ಕಟ್ಟಿಹಾಕೋದು ಅಂದ್ರೆ ಏನು ಗೊತ್ತೇನಮ್ಮ? ಅಕ್ರಮ ಬಂಧನ. ಜೈಲಿದೆ. ಇಷ್ಟು ಜನ ಕಣ್ಣಾರೆ ನೋಡಿದೀವಿ."

ಬಳಗದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಸಿದ್ದಮ್ಮನ ಕೈಯ ಕುಡುಗೋಲು ಮೆಲ್ಲಗೆ ಕೆಳಗಿಳಿಯಿತು. ಅವಳು ಕಂಬ ನೋಡಿದಳು, ವಕೀಲರನ್ನು ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಹೊರಟು ನಿಂತಿದ್ದ ತಮ್ಮನ ಬೆನ್ನಿಗೆ ಕೂಗಿದಳು:

"ಲೇ ಬೈರಾ!"

ಇಷ್ಟು ವರ್ಷಗಳಲ್ಲಿ ಅವಳು ತಮ್ಮನಿಗೆ ಆಡಿದ ಮೊದಲ ಮಾತು ಅದು. ದೊಡ್ಡಬೈರಪ್ಪ ನಿಂತಲ್ಲೇ ನಿಂತರು. "ಏನಕ್ಕ?" ಎಂದರು, ತಿರುಗದೆ.

"ಒಂದು ಮಾತು ಹೇಳು. ಇವ್ರು ನಮಗೆ ಬೀಗರೋ, ಅಲ್ವೋ?"

"ಯಾಕಕ್ಕ?"

"ಬೀಗರಾದ್ರೆ ನಾನು ಕಟ್ಟಾಕಿದ್ದು ಸರಸ. ಬೀಗರನ್ನ ಹಿಡ್ದು ಗೇಲಿ ಮಾಡೋದು ಹಿಂದ್ಲಿಂದ ಬಂದೈತೆ, ಅದ್ಕೆ ಯಾವ ಕೇಸೂ ಇಲ್ಲ. ಬೀಗರಲ್ಲ ಅಂದ್ರೆ ಈ ವಕೀಲಪ್ಪ ನನ್ನ ಜೈಲಿಗೆ ಕಳಿಸ್ತಾನೆ. ನೀನೇ ಹೇಳು, ಯಾವ್ದು?"

ಎಲ್ಲರೂ ವಸಿಷ್ಠ ಅವರ ಕಡೆ ನೋಡಿದರು. ಅವರು ಕನ್ನಡಕ ಒರೆಸಿಕೊಂಡು, "ಎರಡೂ ಕಡೆಯವರು ಸಂಬಂಧಿಗಳು, ಇದು ಸಂಪ್ರದಾಯದ ತಮಾಷೆ ಅಂತಾದ್ರೆ... ಹೌದು, ಕೇಸು ನಿಲ್ಲೋದು ಕಷ್ಟ" ಎಂದರು.

ದೊಡ್ಡಬೈರಪ್ಪ ತಿರುಗಿದರು. ಅಕ್ಕನನ್ನು ನೇರವಾಗಿ ನೋಡಿದರು. "ನಮ್ಮಕ್ಕನ್ನ ಜೈಲಿಗೆ ಕಳಿಸಾಕಾಯ್ತದೇನ್ರೀ?" ಎಂದು ಯಾರನ್ನೋ ಗದರಿಸಿದರು. "ಬೀಗರೇ. ಬೀಗರೇ ಕಣಕ್ಕ."

ಪ್ರತಿಭಾಳ ಕೈಯಿಂದ ಮುಚ್ಚಳ ಬಿತ್ತು. ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಪೈಪು ಕತ್ತರಿಸಲು ಕುಡುಗೋಲು ಎತ್ತಿದಳು. ನನಗೆ ಎಲ್ಲಿಂದ ಆ ಬುದ್ಧಿ ಬಂತೋ ಕಾಣೆ, ಅಡ್ಡ ಹೋಗಿ ಅವಳ ಕೈ ಹಿಡಿದೆ.

"ತಡೀರಿ ಅಕ್ಕಾ. ಬಿಚ್ಚಬೇಡಿ."

"ವಾಣಿ!" ಎಂದರು ಕಂಬದವರು.

"ಬಿಚ್ಚಿದ್ಮೇಲೆ ಕೇಸೂ ಇಲ್ಲ, ಭಯಾನೂ ಇಲ್ಲ. ಮನೆಗೆ ಹೋಗಿ ಸಿಟ್ಟು ನೆನೆಸಿಕೊಂಡ್ರೆ ಯಾರ ಮನಸ್ಸು ಹೇಗೆ ತಿರುಗುತ್ತೋ. ಕಟ್ಟಿರೋ ಹಾಗೇ ಇರಲಿ. ಮೊದಲು ಎಲೆ ಅಡಿಕೆ ಆಗ್ಲಿ."

ಸಿದ್ದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖ ಅರಳಿತು. "ಬೀಗ್ತಿ ಅಂದ್ರೆ ಇವ್ಳಪ್ಪ!" ಎಂದು ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು ತಮ್ಮನ ಕೈಗಿಟ್ಟಳು. ದೊಡ್ಡಬೈರಪ್ಪನವರು ಎಲೆಯ ಮೇಲೆ ಅಡಿಕೆ ಇಟ್ಟು, ಪಕ್ಕದ ಬಳ್ಳಿಯಿಂದ ಒಂದು ಗೊಂಚಲು ಕಿತ್ತಿಟ್ಟು, ನಮ್ಮವರ ಮುಂದೆ ಹಿಡಿದರು. ತೆಗೆದುಕೊಳ್ಳಲು ಇವರಿಗೆ ಕೈ ಎಲ್ಲಿದೆ? ಅವರ ಪರವಾಗಿ ನಾನೇ ಸೆರಗೊಡ್ಡಿದೆ. ಊರ ಹೆಂಗಸರು ಸೋಬಾನೆ ಶುರು ಮಾಡಿದರು, ವಕೀಲರು, ಡಾಕ್ಟರುಗಳು, ಆಡಿಟರುಗಳೆಲ್ಲ ಚಪ್ಪಾಳೆ ತಟ್ಟಿದರು. ಕುಶಾಲ್ ಬಿದ್ದ ಮುಚ್ಚಳ ಎತ್ತಿ ಪ್ರತಿಭಾಳ ಕೈಗೆ ಕೊಟ್ಟ.

"ವಾಣಿ, ಕೈಕಾಲೆಲ್ಲ ಜೋಮು ಹಿಡೀತಿದೆ ಕಣೇ. ಎಲೆ ಅಡಿಕೆ ಆಯ್ತಲ್ಲ, ಈಗಲಾದ್ರೂ ಬಿಚ್ಚಿಸು."

"ಸ್ವಲ್ಪ ಇರ್ರೀ. ಮದುವೆ ದಿನ ಗೊತ್ತಾಗ್ಲಿ" ಎಂದು ನಾನು ಸಿದ್ದಮ್ಮನ ಪಕ್ಕ ಬದುವಿನ ಮೇಲೆ ಕಾಲು ಚಾಚಿ ಕುಳಿತೆ.